ನೆನಪಿನ ಬೇಸ್ ಗಿಟಾರನ್ನು ಮರಳಿ ಕೊಳ್ಳಹೊರಟವರಿಗೆ ಒಂದು ಎಚ್ಚರಿಕೆ

ಒಂದು ಕಾಲದಲ್ಲಿ ನುಡಿಸಿ, ಅನಿವಾರ್ಯವಾಗಿ ಮಾರಿ, ಆಮೇಲೆ ವರ್ಷಗಟ್ಟಲೆ ಹಂಬಲಿಸಿದ ವಾದ್ಯದಂಥದ್ದನ್ನೇ ಮತ್ತೆ ಕೊಳ್ಳಬೇಕೆಂದಿರುವವರು ಹಣ ಕೊಡುವ ಮೊದಲು ನನಗಾದುದನ್ನು ಓದಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮಾರಿದವರ ಹೆಸರನ್ನು ಹೇಳುವುದಿಲ್ಲ. ಆದದ್ದರಲ್ಲಿ ಅರ್ಧ ತಪ್ಪು ನನ್ನದೇ.

ನಾನು ಕಳೆದುಕೊಂಡದ್ದು ಫೆಂಡರ್ ಕಂಪನಿಯ 1964ರ ಜಾಝ್ ಬೇಸ್. 1951ರಲ್ಲಿ ಬಂದ ಪ್ರಿಸಿಷನ್ ಬೇಸಿನ ನಂತರ ಅದೇ ಕಂಪನಿ 1960ರಲ್ಲಿ ಹೊರತಂದ ಈ ಮಾದರಿಯ ನೆಕ್ (ಬೆರಳೊತ್ತುವ ಉದ್ದನೆಯ ಭಾಗ) ನಟ್ಟಿನ (ತಲೆಯ ಬುಡದಲ್ಲಿ ತಂತಿಗಳು ಕೂರುವ ಪಟ್ಟಿಯ) ಬಳಿ ಸುಮಾರು 38 ಮಿಲಿಮೀಟರ್ ಮಾತ್ರ ಅಗಲವಿರುತ್ತದೆ. ಆ ಕಾಲದ ಪ್ರಿಸಿಷನ್ ಬೇಸಿನಲ್ಲಿ ಅದು 44ಕ್ಕಿಂತ ತುಸು ಹೆಚ್ಚು. ಕೇಳುವುದಕ್ಕೆ ಆರೇ ಮಿಲಿಮೀಟರು, ಆದರೆ ಎಡಗೈಯ ಹೆಬ್ಬೆರಳಿಗೆ ಅದು ಎರಡು ಬೇರೆ ವಾದ್ಯಗಳ ನಡುವಿನ ಅಂತರ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಎರಡೂ ಪಿಕಪ್‌ಗಳ ವಾಲ್ಯೂಮನ್ನು ಪೂರ್ತಿ ತಿರುಗಿಸಿದರೆ ಗುಂಯ್‌ಗುಡುವ ಸದ್ದು ಅಡಗಿ ಸ್ವರ ತಿಳಿಯಾಗುತ್ತಿತ್ತು. ನೆಕ್ ಕಡೆಯದನ್ನು ಸ್ವಲ್ಪ ಇಳಿಸಿದರೆ ಮೂಗಿನಿಂದ ಹಾಡಿದಂಥ ಒಂದು ದನಿ ಬರುತ್ತಿತ್ತು. ಮುಂಗೈ ಊರುವ ಜಾಗದಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು. ಹಿಂದಿನ ಯಜಮಾನರು ಹಾಕಿದ್ದ ಫ್ಲಾಟ್‌ವೌಂಡ್ (ಚಪ್ಪಟೆ ಸುತ್ತಿನ) ತಂತಿಗಳನ್ನು ನಾನು ಕೊನೆಯವರೆಗೂ ಬದಲಿಸಲಿಲ್ಲ, ಸೋಮಾರಿತನದಿಂದಲ್ಲ, ಆ ನಾದ ಮತ್ತೆ ಸಿಗಲಾರದೆಂಬ ಭಯದಿಂದ.

ಅದನ್ನು ಮಾರಿದ್ದು ಒಂದು ಆಂಪೆಗ್ ಎಸ್‌ವಿಟಿ ಆಂಪ್ಲಿಫೈಯರಿಗಾಗಿ. 1969ರಲ್ಲಿ ಮೊದಲು ಬಂದ, 300 ವಾಟ್‌ಗಳ, ಹತ್ತು ಇಂಚಿನ ಎಂಟು ಸ್ಪೀಕರುಗಳ ಪೆಟ್ಟಿಗೆಯೊಡನೆ ನಿಲ್ಲುವ ಆ ವಾಲ್ವ್ ಯಂತ್ರದ ಮುಂದೆ ನಿಂತು ನುಡಿಸಿದರೆ ಪ್ಯಾಂಟಿನ ಬಟ್ಟೆ ಅದುರುತ್ತಿತ್ತು. ಮೆಟ್ಟಿಲು ಹತ್ತಿಸುವಾಗ ಮಾತ್ರ ಬ್ಯಾಂಡಿನವರೆಲ್ಲ ಮಾಯವಾಗುತ್ತಿದ್ದರು. ನಡುವೆ ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಬೇಸ್ ಒಂದು ಬಂದು ಹೋಯಿತು. ಒಳ್ಳೆಯ ವಾದ್ಯವೇ, ಆದರೆ ಕೇಬಲನ್ನು ಕಿತ್ತಿಡಲು ಮರೆತ ರಾತ್ರಿ ಅದರೊಳಗಿನ 9 ವೋಲ್ಟಿನ ಬ್ಯಾಟರಿ ಮುಗಿದು, ಮರುದಿನ ವೇದಿಕೆಯ ಮೇಲೆ ದನಿಯೇ ಹೊರಡಲಿಲ್ಲ. ಇವು ಯಾವುವೂ ನನ್ನನ್ನು ಕಾಡಲಿಲ್ಲ. ಕಾಡಿದ್ದು ಆ ಜಾಝ್ ಬೇಸ್ ಒಂದೇ. ಮಾರುವಾಗ ಅದರ ಸೀರಿಯಲ್ ನಂಬರನ್ನು ಕೂಡ ಬರೆದಿಟ್ಟುಕೊಂಡಿರಲಿಲ್ಲ.

ಹೀಗಿರುವಾಗ 1964ರ ಜಾಝ್ ಬೇಸ್ ಮಾರಾಟಕ್ಕಿದೆಯೆಂದು ತಿಳಿದಾಗ ನಾನು ಅರ್ಧ ಮನಸ್ಸನ್ನು ಮೊದಲೇ ಕೊಟ್ಟಾಗಿತ್ತು. ನೆಕ್ಕಿನ ಹಿಂದಿನ ಲೋಹದ ತಗಡಿನಲ್ಲಿ ಆ ವರ್ಷಗಳಿಗೆ ಸಲ್ಲುವ, ಎಲ್ ಅಕ್ಷರದಿಂದ ಶುರುವಾಗುವ ಸಂಖ್ಯೆಯಿತ್ತು. ಬಣ್ಣ ಸವೆದ ಜಾಗವೂ ನನ್ನದರಂತೆಯೇ ಇತ್ತು. ಎಲ್ಲ ಭಾಗಗಳೂ ಮೂಲದವು, ಒಳಗಿನ ಬೆಸುಗೆಯನ್ನು ಯಾರೂ ಮುಟ್ಟಿಲ್ಲ ಎಂದು ಮಾರುವವರು ಬಾಯಿಮಾತಿನಲ್ಲಿ ಭರವಸೆ ಕೊಟ್ಟರು. ನೆಕ್ಕನ್ನು ಬಿಚ್ಚಿ ನೋಡಬಹುದೇ ಎಂದು ಕೇಳಿದ್ದಕ್ಕೆ, ಅರವತ್ತು ವರ್ಷದಿಂದ ಕೂತಿರುವ ಕೀಲನ್ನು ಅಲುಗಿಸಿದರೆ ನಾದ ಕೆಡುತ್ತದೆ ಎಂದರು. ನೆಕ್ಕಿನ ಹಿಮ್ಮಡಿಯ (ಗಿಟಾರಿನ ಒಡಲಿಗೆ ಕೂಡುವ ತುದಿಯ) ಮೇಲಿನ ದಿನಾಂಕದ ಫೋಟೋ ಒಂದನ್ನು ಮಾತ್ರ ತೋರಿಸಿ, ‘ನೋಡಿ, ಮಾರ್ಚ್ 5’ ಎಂದರು. ನಾನು ತಲೆಯಾಡಿಸಿದೆ.

ಕೈಗೆತ್ತಿಕೊಂಡ ಕೂಡಲೇ ನೆಕ್ ದಪ್ಪವೆನಿಸಿತು. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ: ಮೊದಲ ಸ್ವರಕ್ಕೇ ನನ್ನ ಕೈ ನಿಜ ಹೇಳಿತು, ನಾನು ಮಾತ್ರ ವಯಸ್ಸಾಯಿತು, ಬೆರಳು ಬಿಗಿದಿವೆ, ಅಭ್ಯಾಸ ತಪ್ಪಿದೆ ಎಂದು ಅದರ ಬಾಯಿ ಮುಚ್ಚಿಸಿದೆ. ಒಂದು ಅಳತೆಪಟ್ಟಿ ಜೇಬಿನಲ್ಲಿದ್ದಿದ್ದರೆ ಅರ್ಧ ನಿಮಿಷದಲ್ಲಿ ಎಲ್ಲವೂ ತೀರ್ಮಾನವಾಗುತ್ತಿತ್ತು.

ಮನೆಗೆ ತಂದು ಎರಡು ವಾರದ ಮೇಲೆ, ರಿಪೇರಿ ಬಲ್ಲ ಗೆಳೆಯನೊಬ್ಬ ನಾಲ್ಕು ಸ್ಕ್ರೂ ತೆಗೆದು ನೆಕ್ಕನ್ನು ಬಿಡಿಸಿದ. 1962ರಿಂದ ಸುಮಾರು ಹತ್ತು ವರ್ಷ ಫೆಂಡರ್ ನೆಕ್‌ಗಳ ಹಿಮ್ಮಡಿಗೆ ಒತ್ತುತ್ತಿದ್ದ ಮುದ್ರೆಯಲ್ಲಿ ಮೊದಲ ಅಂಕಿ ತಾರೀಖಲ್ಲ, ಮಾದರಿಯ ಸಂಕೇತ: ಜಾಝ್ ಬೇಸಿಗೆ 7, ಪ್ರಿಸಿಷನ್ ಬೇಸಿಗೆ 5. ಕೊನೆಯ ಅಕ್ಷರ ನಟ್ಟಿನ ಅಗಲವನ್ನು ಹೇಳುತ್ತದೆ. ಜಾಝ್ ಬೇಸಿಗೆ ಎ ಇರಬೇಕಾದಲ್ಲಿ ನನ್ನದರಲ್ಲಿ ಸಿ ಇತ್ತು. ಅಂದರೆ ನೆಕ್ ಹಳೆಯದೇ, ಆದರೆ ಪ್ರಿಸಿಷನ್ ಬೇಸಿನದು. ತಲೆಯ ಮೇಲಿನ ಹೆಸರಿನ ಸ್ಟಿಕ್ಕರನ್ನು ಮಾತ್ರ ಬದಲಿಸಿದ್ದರು. ಆಮೇಲೆ ವಾಲ್ಯೂಮ್ ಗುಂಡಿಗಳಿರುವ ಕಂಟ್ರೋಲ್ ಪ್ಲೇಟ್ ಎತ್ತಿದೆವು. ಒಂದು ಪಾಟಿನ (ಗುಂಡಿಯ ಕೆಳಗಿನ ಬಿಡಿಭಾಗದ) ಬೆನ್ನ ಮೇಲೆ 1377126 ಎಂದಿತ್ತು. 137 ಎಂದರೆ ಅದನ್ನು ತಯಾರಿಸಿದ ಸಿಟಿಎಸ್ ಕಂಪನಿ, ಮುಂದಿನದು 1971ರ 26ನೆಯ ವಾರ. 1964ರಲ್ಲಿ ತಯಾರಾದ ವಾದ್ಯದೊಳಗೆ ಏಳು ವರ್ಷ ಆಮೇಲಿನ ಪಾಟು! ಪಾಟು ಹಾಳಾಗಿ ಯಾರೋ ಪ್ರಾಮಾಣಿಕವಾಗಿ ಬದಲಿಸಿರಬಹುದು, ಅದೊಂದೇ ಮೋಸಕ್ಕೆ ಸಾಕ್ಷಿಯಾಗದು. ಆದರೆ ಯಾರೂ ಮುಟ್ಟದ ಬೆಸುಗೆ ಎಂಬ ಮಾತು ಅಲ್ಲಿಗೆ ಸುಳ್ಳಾಯಿತು. ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿದಾಗ ಹಳೆಯ ಲ್ಯಾಕರ್ ಲೇಪ ಹಸಿರು ಹಳದಿಯಾಗಿ ಹೊಳೆಯಬೇಕಿತ್ತು. ನನ್ನ ಅಕ್ಕರೆಯ ಆ ಸವೆದ ಜಾಗದ ಸುತ್ತ ಮಂಕು ಕಲೆಗಳಷ್ಟೇ ಕಂಡವು. ಸವೆತವನ್ನೂ ಯಾರೋ ಮರಳುಕಾಗದದಿಂದ ಉಜ್ಜಿ ಮಾಡಿದ್ದರು.

ಆದ್ದರಿಂದ ಇಂಥ ವಾದ್ಯ ನೋಡಲು ಹೋಗುವವರು ತಗಡಿನ ಸಂಖ್ಯೆಯನ್ನು ಕೊನೆಗೆ ನೋಡಿ, ಏಕೆಂದರೆ ನಾಲ್ಕು ಸ್ಕ್ರೂಗಳಲ್ಲಿ ನಿಂತಿರುವ ತಗಡನ್ನು ಯಾವ ಗಿಟಾರಿನ ಒಡಲಿಗೆ ಬೇಕಾದರೂ ಕೂಡಿಸಬಹುದು. ನಟ್ಟನ್ನು ಅಳೆಯಿರಿ. ಪಾಟಿನ ಸಂಖ್ಯೆ ಓದುವಾಗ ಇನ್ನೊಂದು ನೆನಪಿರಲಿ: ಅದು ವಾದ್ಯ ಯಾವ ದಿನಕ್ಕಿಂತ ಮುಂಚಿನದಾಗಿರಲಾರದು ಎಂಬುದನ್ನಷ್ಟೇ ಹೇಳುತ್ತದೆ, ಫೆಂಡರ್ 1966ರಲ್ಲಿ ರಾಶಿಗಟ್ಟಲೆ ತರಿಸಿಟ್ಟ ಪಾಟುಗಳು ಆ ದಶಕದ ಕೊನೆಯ ವಾದ್ಯಗಳಲ್ಲೂ ಸಿಗುತ್ತವೆ. ನೆಕ್ ಬಿಚ್ಚಿದರೆ ನಾದ ಕೆಡುತ್ತದೆ ಎನ್ನುವವರಿಗೆ ನಮಸ್ಕಾರ ಹೇಳಿ ಹೊರಟುಬಿಡಿ. ಸ್ಕ್ರೂ ಹಾಕಿ ಕೂಡಿಸಿದ ನೆಕ್ಕನ್ನು ಬಿಚ್ಚಿ ಮರಳಿ ಕೂಡಿಸುವುದು ರಿಪೇರಿಯವರ ನಿತ್ಯದ ಕೆಲಸ.

ಹಣ ಮರಳಿ ಬರಲಿಲ್ಲ. ರಸೀದಿಯಲ್ಲಿ ‘ಇದ್ದ ಸ್ಥಿತಿಯಲ್ಲಿ ಮಾರಿದೆ’ ಎಂದಷ್ಟೇ ಇತ್ತು, 1964 ಎಂಬ ಅಂಕಿಯನ್ನಾಗಲಿ ‘ಮೂಲದ್ದು’ ಎಂಬ ಪದವನ್ನಾಗಲಿ ಬರೆಸಿಕೊಳ್ಳಬೇಕೆಂದು ನನಗೆ ಹೊಳೆದಿರಲಿಲ್ಲ. ಒಡಲನ್ನು ಇದ್ದದ್ದು ಇದ್ದಂತೆ ವಿವರಿಸಿ ಮಾರಿದೆ. ನೆಕ್ಕನ್ನು ಒಂದು ಪ್ರಿಸಿಷನ್ ಬೇಸಿನ ಒಡಲಿಗೆ ಕೂಡಿಸಿ, ತಲೆಯ ಮೇಲಿನ ಸುಳ್ಳು ಹೆಸರನ್ನು ಕೆರೆದು ತೆಗೆದಿದ್ದೇನೆ. ಈಗ ಅದರ ದಪ್ಪ ಕೈಗೆ ಸರಿಹೊಂದುತ್ತದೆ.