ಓಪನ್‌ಸ್ಟ್ಯಾಕ್ ಗ್ಲಾನ್ಸ್: ಇಮೇಜ್ ಲೋಡ್ ಆಗದಿದ್ದರೆ ಮೊದಲು ಡೇಟಾಬೇಸ್ ಸಾಲು ನೋಡಿ

ಓಪನ್‌ಸ್ಟ್ಯಾಕ್ ಕ್ಲೌಡ್‌ನಲ್ಲಿ ವಿಎಂಗಳು (ವರ್ಚುವಲ್ ಯಂತ್ರಗಳು) ಏಳಲು ಬೇಕಾದ ಡಿಸ್ಕ್ ಇಮೇಜ್‌ಗಳನ್ನು ಕಾಯ್ದಿಡುವ ಸೇವೆ ಗ್ಲಾನ್ಸ್. ಅದನ್ನು ಹೇಗೆ ಇನ್‌ಸ್ಟಾಲ್ ಮಾಡಬೇಕು ಎಂಬುದನ್ನು ಬಿಡುತ್ತೇನೆ, ಓಪನ್‌ಸ್ಟ್ಯಾಕ್ ಹಾಕಿದವರಿಗೆ ಅದು ಗೊತ್ತೇ ಇದೆ. ದೀರ್ಘ ಬಳಕೆಯ ನಂತರ ಉಳಿದಿರುವ ದೊಡ್ಡ ತಕರಾರು ಒಂದೇ. ಕೆಟ್ಟಿರುವುದು ಡೇಟಾಬೇಸ್ ಸೆಟ್ಟಿಂಗ್, ಆದರೆ ನೋಡುವವರಿಗೆ ಇಮೇಜೇ ಕೆಟ್ಟಂತೆ ಕಾಣುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಇಮೇಜ್ ಪಟ್ಟಿ ತರಲಾಗಲಿಲ್ಲ ಎಂಬ ಸಂದೇಶ, ಕಮಾಂಡ್ ಲೈನಿನಲ್ಲಿ ಬರೀ 500 ಎಂಬ ಸರ್ವರ್ ದೋಷ. ಅಷ್ಟಕ್ಕೇ ಜನ ಕ್ಯೂಕೌ2 ಫಾರ್ಮ್ಯಾಟಿನ ಇಮೇಜ್ ಫೈಲನ್ನು ಮತ್ತೆ ಮತ್ತೆ ಅಪ್‌ಲೋಡ್ ಮಾಡುತ್ತಾ ಕೂರುತ್ತಾರೆ. ಓಡುತ್ತಿರುವ ವಿಎಂಗಳು ಚೆನ್ನಾಗಿವೆ, ಹೊಸದು ಮಾತ್ರ ಏಳುತ್ತಿಲ್ಲ ಎಂದರೆ ಫೈಲಿನ ತಂಟೆಗೆ ಹೋಗುವ ಮೊದಲು /ವಾರ್/ಲಾಗ್/ಗ್ಲಾನ್ಸ್/ಗ್ಲಾನ್ಸ್-ಎಪಿಐ.ಲಾಗ್ ತೆರೆಯಿರಿ.

ಲಾಗ್ ಬೈದರೆ ಪರವಾಗಿಲ್ಲ. ಸುಮ್ಮನಿದ್ದರೇ ಕಷ್ಟ. ಉಬುಂಟು ಪ್ಯಾಕೇಜಿನ ಗ್ಲಾನ್ಸ್-ಎಪಿಐ.ಕಾನ್ಫ್‌ನಲ್ಲಿ [ಡೇಟಾಬೇಸ್] ವಿಭಾಗದ ಕೆಳಗೆ ಎಸ್‌ಕ್ಯೂಲೈಟ್ (ಅದೇ ಯಂತ್ರದ ಒಂದು ಫೈಲಿನಲ್ಲಿರುವ ಡೇಟಾಬೇಸ್) ಕನೆಕ್ಷನ್ ಸಾಲೊಂದು ಮೊದಲೇ ಬಂದಿರುತ್ತದೆ. ಅದರ ಮೇಲೆ ನಿಮ್ಮ ಮೈಎಸ್‌ಕ್ಯೂಎಲ್ ಸಾಲು ಸೇರಿಸಿ ಹಳೆಯದನ್ನು ಅಳಿಸಲು ಮರೆತಿರೋ, ಗೆಲ್ಲುವುದು ಕೆಳಗಿನ ಸಾಲು. ಒಂದೇ ಹೆಸರಿನ ಆಯ್ಕೆ ಎರಡು ಸಲ ಇದ್ದರೆ ಕೊನೆಯದಕ್ಕೇ ಬೆಲೆ. ಗ್ಲಾನ್ಸ್-ಮ್ಯಾನೇಜ್ ಡಿಬಿ_ಸಿಂಕ್ (ಡೇಟಾಬೇಸಿನಲ್ಲಿ ಟೇಬಲ್‌ಗಳನ್ನು ಮಾಡುವ ಕಮಾಂಡ್) ತಕರಾರಿಲ್ಲದೆ ಮುಗಿಯುತ್ತದೆ, ಸರ್ವೀಸ್ ಏಳುತ್ತದೆ, ಇಮೇಜ್ ಏರುತ್ತದೆ. ಲೋಡ್ ಬ್ಯಾಲೆನ್ಸರ್ ಹಿಂದೆ ಎರಡನೇ ಎಪಿಐ ನೋಡ್ ಬಂದಾಗ ಬಣ್ಣ ಬಯಲಾಗುತ್ತದೆ. ಓಪನ್‌ಸ್ಟ್ಯಾಕ್ ಇಮೇಜ್ ಲಿಸ್ಟ್ ಎಂದು ನಾಲ್ಕು ಸಲ ಹೊಡೆದರೆ ಎರಡು ಸಲ ಇಮೇಜ್ ಇರುತ್ತದೆ, ಎರಡು ಸಲ ಪಟ್ಟಿ ಖಾಲಿ. ಎರಡೂ ನೋಡ್‌ಗಳು ತಮ್ಮತಮ್ಮ ಎಸ್‌ಕ್ಯೂಲೈಟ್ ಫೈಲನ್ನೇ ನಂಬಿಕೊಂಡಿರುತ್ತವೆ. ಮೈಎಸ್‌ಕ್ಯೂಎಲ್‌ಗೆ ಹೋಗಿ ಗ್ಲಾನ್ಸ್ ಡೇಟಾಬೇಸಿನಲ್ಲಿ ಶೋ ಟೇಬಲ್ಸ್ ಕೊಡಿ. ಒಂದೂ ಟೇಬಲ್ ಇಲ್ಲದಿದ್ದರೆ ಕಾಯಿಲೆ ಇದೇ.

ಎಸ್‌ಕ್ಯೂಲೈಟ್ ಸಾಲು ತೆಗೆದು, ಡಿಬಿ_ಸಿಂಕ್ ಅನ್ನು ಗ್ಲಾನ್ಸ್ ಬಳಕೆದಾರನಾಗಿಯೇ ಓಡಿಸಿ. ರೂಟ್ ಆಗಿ ಓಡಿಸಿದಾಗ ಲಾಗ್ ಫೈಲು ರೂಟ್ ಹೆಸರಿಗೆ ಹುಟ್ಟಿಕೊಂಡರೆ ಗ್ಲಾನ್ಸ್-ಎಪಿಐಗೆ ಅದರಲ್ಲಿ ಬರೆಯಲಾಗದು, ಏಳುವುದೇ ಇಲ್ಲ.

ಉಳಿದ ತಪ್ಪುಗಳು ಲಾಗ್‌ನಲ್ಲಿ ಮೈಎಸ್‌ಕ್ಯೂಎಲ್ ದೋಷದ ನಂಬರಿನೊಂದಿಗೆ ಬರುವುದರಿಂದ ಸುಲಭ. 1045 ಬಂದರೆ ಪಾಸ್‌ವರ್ಡ್ ಅಥವಾ ಗ್ರಾಂಟ್ (ಬಳಕೆದಾರನಿಗೆ ಕೊಟ್ಟ ಅನುಮತಿ) ತಪ್ಪಿದೆ. 'ಲೋಕಲ್‌ಹೋಸ್ಟ್'ಗೆ ಕೊಟ್ಟ ಅನುಮತಿ ಬೇರೆ ಯಂತ್ರದಿಂದ ಬರುವವರಿಗೆ ಸಲ್ಲದು. 2003 ಬಂದರೆ ಮೈಎಸ್‌ಕ್ಯೂಎಲ್ ಕೈಗೆ ಸಿಕ್ಕಿಲ್ಲ, ಅದು ಕಿವಿಗೊಡುವ ವಿಳಾಸವಾದ ಬೈಂಡ್-ಅಡ್ರೆಸ್ ಇನ್ನೂ 127.0.0.1ರಲ್ಲೇ ಇದೆಯೇ ನೋಡಿ. 1146 ಎಂದರೆ ಟೇಬಲ್ ಇಲ್ಲ, ಸಿಂಕ್ ಆಗಿಲ್ಲ. ಪಾಸ್‌ವರ್ಡ್‌ನಲ್ಲಿ @ ಇದ್ದರೆ ಕನೆಕ್ಷನ್ ಸಾಲಿನಲ್ಲಿ %40 ಎಂದು, $ ಇದ್ದರೆ $$ ಎಂದು ಬರೆಯಬೇಕು. ಅಕ್ಷರ, ಅಂಕಿ ಮಾತ್ರ ಇರುವ ಉದ್ದ ಪಾಸ್‌ವರ್ಡ್ ಇಟ್ಟುಕೊಂಡರೆ ಈ ಗೋಜೇ ಇಲ್ಲ.

1040ಕ್ಕೆ, ಅಂದರೆ ಕನೆಕ್ಷನ್ ಮಿತಿ ಮೀರಿದ್ದಕ್ಕೆ, ಮಾತ್ರ ಸ್ವಲ್ಪ ಲೆಕ್ಕ ಬೇಕು. ಗ್ಲಾನ್ಸ್-ಎಪಿಐನ ಪ್ರತಿ ವರ್ಕರ್‌ಗೂ (ಕೆಲಸ ಮಾಡುವ ಪ್ರೊಸೆಸ್) ತನ್ನದೇ ಕನೆಕ್ಷನ್ ಪೂಲ್. ಡೀಫಾಲ್ಟ್ ಮ್ಯಾಕ್ಸ್_ಪೂಲ್_ಸೈಜ್ 5, ಮ್ಯಾಕ್ಸ್_ಓವರ್‌ಫ್ಲೋ 50. ಎಂಟು ವರ್ಕರ್ ಇದ್ದರೆ ಗರಿಷ್ಠ 440 ಕನೆಕ್ಷನ್. ಮೈಎಸ್‌ಕ್ಯೂಎಲ್‌ನ ಡೀಫಾಲ್ಟ್ ಮಿತಿಯೋ 151, ಅದರಲ್ಲೇ ಓಪನ್‌ಸ್ಟ್ಯಾಕ್‌ನ ಬೇರೆ ಸೇವೆಗಳಾದ ನೋವಾ, ನ್ಯೂಟ್ರಾನ್, ಕೀಸ್ಟೋನ್ ಕೂಡ ಪಾಲು ಕೇಳುತ್ತವೆ. ಹಾಗಾಗಿ ಒಂದೊಂದೇ ವಿಎಂ ಸಲೀಸಾಗಿ ಏಳುತ್ತದೆ, ಐವತ್ತು ಒಟ್ಟಿಗೆ ಕೇಳಿದಾಗ ಮುಗ್ಗರಿಸುತ್ತದೆ. ಓಪನ್‌ಸ್ಟ್ಯಾಕ್ ಇನ್‌ಸ್ಟಾಲ್ ಗೈಡ್ ಮ್ಯಾಕ್ಸ್_ಕನೆಕ್ಷನ್ಸ್ 4096 ಇಡಲು ಹೇಳುತ್ತದೆ. ಮೆಮೊರಿ ಕಡಿಮೆ ಇರುವ ಯಂತ್ರವಾದರೆ ಅದರ ಬದಲು ವರ್ಕರ್ 2, ಓವರ್‌ಫ್ಲೋ 10ಕ್ಕೆ ಇಳಿಸುವುದೇ ನನ್ನ ಆಯ್ಕೆ. ಗರಿಷ್ಠ 30ಕ್ಕೆ ನಿಲ್ಲುತ್ತದೆ, ಸಣ್ಣ ಕ್ಲೌಡ್‌ಗೆ ಅಷ್ಟು ಧಾರಾಳ.

ಇಷ್ಟು ದೂರಿದ ಮೇಲೂ ಗ್ಲಾನ್ಸ್ ಬಿಡಲು ಮನಸ್ಸಾಗದಿರುವುದು ಅದರ ರಚನೆಯಿಂದ. ಡೇಟಾಬೇಸಿನಲ್ಲಿ ಇರುವುದು ವಿವರ ಮಾತ್ರ. ಇಮೇಜ್ /ವಾರ್/ಲಿಬ್/ಗ್ಲಾನ್ಸ್/ಇಮೇಜಸ್‌ನಲ್ಲಿ ತನ್ನ ಯುಯುಐಡಿ (ಇಮೇಜಿನ ವಿಶಿಷ್ಟ ಗುರುತು ಸಂಖ್ಯೆ) ಹೆಸರಿನಲ್ಲಿ ಭದ್ರವಾಗಿರುತ್ತದೆ. ಡೇಟಾಬೇಸ್ ಕಳೆದುಹೋದರೂ ಆ ಫೈಲನ್ನು ಬೇರೆ ಫೋಲ್ಡರಿಗೆ ಸರಿಸಿ, ಇಮೇಜ್ ಕ್ರಿಯೇಟ್ ಕಮಾಂಡಿಗೆ --ಐಡಿ ಜೊತೆ ಹಳೆಯ ಯುಯುಐಡಿ ಕೊಟ್ಟು ಮತ್ತೆ ಏರಿಸಬಹುದು. ಸರಿಸುವುದನ್ನು ಮರೆಯಬೇಡಿ. ಅದೇ ಹೆಸರಿನ ಫೈಲು ಅಲ್ಲೇ ಇದ್ದರೆ ಗ್ಲಾನ್ಸ್ ನಕಲೆಂದು ತಿರಸ್ಕರಿಸುತ್ತದೆ.

ಕಾನ್ಫಿಗ್ ಮುಟ್ಟಿದಾಗಲೆಲ್ಲ ಮಾಡುವ ಪರೀಕ್ಷೆ ಒಂದಿದೆ, ಮಾಡಿ ಮುಗಿಸಿದರೆ ಮನಸ್ಸು ಹಗುರಾಗುತ್ತದೆ. ಪರೀಕ್ಷೆಗೆಂದೇ ಇರುವ ಪುಟ್ಟ ಸಿರ್ರೋಸ್ ಇಮೇಜ್ ಏರಿಸಿ, ಸ್ಥಿತಿ ಕ್ಯೂಡ್‌ನಿಂದ ಸೇವಿಂಗ್ ದಾಟಿ ಆ್ಯಕ್ಟಿವ್ ಆಗುವವರೆಗೆ ನೋಡಿ. ಆಮೇಲೆ ಇಮೇಜ್ ಸೇವ್ ಮಾಡಿ ಕೆಳಗಿಳಿಸಿ, ಫೈಲಿನ ಹ್ಯಾಶ್ (ಬೆರಳಚ್ಚಿನಂಥ ಗುರುತು) ಕೊಡುವ ಶಾ512ಸಮ್ ಓಡಿಸಿ, ಇಮೇಜ್ ಶೋ ಕೊಡುವ ಓಎಸ್_ಹ್ಯಾಶ್_ವ್ಯಾಲ್ಯೂ ಪಕ್ಕದಲ್ಲಿಟ್ಟು ಹೋಲಿಸಿ. ಎರಡೂ ಒಂದೇ ಆಗಿದ್ದರೆ ಡೇಟಾಬೇಸ್, ಡಿಸ್ಕ್, ಎಪಿಐ ಮೂರೂ ಮಾತಾಡಿಕೊಳ್ಳುತ್ತಿವೆ.

ಒಬ್ಬರೇ ನೋಡಿಕೊಳ್ಳುವ ಒಂಟಿ ನೋಡ್‌ಗೆ ಗ್ಲಾನ್ಸ್ ಧೈರ್ಯವಾಗಿ ಹಾಕಿ. ಎರಡು ಎಪಿಐ ನೋಡ್ ಇದ್ದರೆ ಎರಡರ ಕಾನ್ಫ್ ಫೈಲುಗಳನ್ನೂ ಡಿಫ್ ಕಮಾಂಡಿನಿಂದ ಹೋಲಿಸದೆ ರೀಸ್ಟಾರ್ಟ್ ಮಾಡಬೇಡಿ. ಬ್ಯಾಕಪ್ ಪಟ್ಟಿಯಲ್ಲಿ ಇಮೇಜ್ ಫೋಲ್ಡರಿನ ಜೊತೆ ಮೈಎಸ್‌ಕ್ಯೂಎಲ್‌ಡಂಪ್ (ಡೇಟಾಬೇಸಿನ ಪ್ರತಿ) ಕೂಡ ಇರಲಿ. ಬರೀ ಫೋಲ್ಡರ್ ಉಳಿದರೆ ಸಿಗುವುದು ಯುಯುಐಡಿ ಹೆಸರಿನ ಫೈಲುಗಳು. ಕ್ಯೂಇಎಂಯು-ಐಎಂಜಿ ಇನ್ಫೋ ಅವುಗಳ ಫಾರ್ಮ್ಯಾಟ್, ಗಾತ್ರ ಹೇಳುತ್ತದೆ, ಯಾವುದು ಯಾವ ಇಮೇಜ್ ಎಂದು ಹೇಳುವುದಿಲ್ಲ.