ಮಗಳ ಬ್ಯಾಸ್ಕೆಟ್‌ಬಾಲ್ ತರಬೇತಿ: 8 ತಿಂಗಳ ನಂತರದ ಅಭಿಪ್ರಾಯ

11 ವರ್ಷದ ಮಗಳನ್ನು 8 ತಿಂಗಳ ಹಿಂದೆ ಒಂದು ಬ್ಯಾಸ್ಕೆಟ್‌ಬಾಲ್ ತರಬೇತಿ ವರ್ಗಕ್ಕೆ ಸೇರಿಸಿದೆವು. ವಾರಕ್ಕೆ 3 ದಿನ, ದಿನಕ್ಕೆ 90 ನಿಮಿಷ ಅಭ್ಯಾಸ. ಸೇರಿಸುವಾಗ ಕೊಟ್ಟ ಪರಿಚಯ ಪತ್ರದಲ್ಲಿ ವ್ಯಕ್ತಿತ್ವ, ನಂಬಿಕೆ, ತಂಡದ ಸಂಸ್ಕೃತಿ ಎಂಬ ಮಾತುಗಳು ದಪ್ಪ ಅಕ್ಷರಗಳಲ್ಲಿದ್ದವು. ಇಂಥ ಮಾತುಗಳನ್ನು ಎಲ್ಲರೂ ಬರೆದುಕೊಳ್ಳುವುದರಿಂದ ಆಗ ನಾನು ಅವಕ್ಕೆ ಹೆಚ್ಚು ಬೆಲೆ ಕೊಟ್ಟಿರಲಿಲ್ಲ. ಅವುಗಳಲ್ಲಿ ಎಷ್ಟು ಅಂಗಳಕ್ಕೆ ಇಳಿದಿದೆ ಎಂಬುದನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಡ್ರಿಬ್ಲಿಂಗ್ (ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಸಾಗುವುದು), ಶೂಟಿಂಗ್ (ಬುಟ್ಟಿಗೆ ಎಸೆಯುವುದು) ಚೆನ್ನಾಗಿ ಕಲಿಸುತ್ತಾರೆ. ಆ ಬಗ್ಗೆ ದೂರಿಲ್ಲ.

ಮೊದಲು ಮಗಳು ಹೋಗುತ್ತಿದ್ದದ್ದು ಬೇರೊಂದು ಕಡೆಗೆ. ಅಲ್ಲಿ ಯಾರಾದರೊಬ್ಬರು ಫ್ರೀ ಥ್ರೋ ತಪ್ಪಿಸಿದರೆ ಇಡೀ ಗುಂಪು ಅಂಗಳದ ಈ ತುದಿಯಿಂದ ಆ ತುದಿಗೆ ಓಡಬೇಕಿತ್ತು. ಒಗ್ಗಟ್ಟು ಬೆಳೆಯಲಿ ಎಂದೇ ಹೀಗೆ ಮಾಡಿಸುತ್ತೇವೆ ಎಂದು ಅವರು ಹೇಳುತ್ತಿದ್ದರು. ಫ್ರೀ ಥ್ರೋ ಎಂದರೆ ಬುಟ್ಟಿಯ ಹಿಂದಿನ ಹಲಗೆಯಿಂದ 4.6 ಮೀಟರ್ ದೂರದ ಗೆರೆಯಲ್ಲಿ, ಯಾರ ಅಡ್ಡಿಯೂ ಇಲ್ಲದೆ, ಒಬ್ಬರೇ ನಿಂತು ಎಸೆಯುವ ಎಸೆತ. ತಾನು ತಪ್ಪಿದರೆ ಗೆಳತಿಯರೆಲ್ಲ ಓಡಬೇಕಾಗುತ್ತದೆ ಎಂಬ ಅಳುಕಿನಲ್ಲಿ ನಿಂತ ಮಗುವಿನ ಕೈ ನಡುಗದೆ ಇರುತ್ತದೆಯೇ? ಬರಬರುತ್ತಾ ನನ್ನ ಮಗಳು ಚೆಂಡು ಕೈಗೆ ಬಂದ ಕೂಡಲೇ ಪಕ್ಕದವರಿಗೆ ದಾಟಿಸಿ ದೂರ ಸರಿಯತೊಡಗಿದಳು. ನೋಡುವವರಿಗೆ ಅದು ಹಂಚಿಕೊಂಡು ಆಡುವ ಗುಣದಂತೆ ಕಂಡಿರಬಹುದು. ನನಗೆ ಅದು ಭಯವೆಂದು ಗೊತ್ತಿತ್ತು.

ಹೊಸ ವರ್ಗದ ಮೊದಲ ದಿನ ಅರ್ಧ ಗಂಟೆಯಾದರೂ ಚೆಂಡು ಚೀಲದಿಂದ ಹೊರಬರಲಿಲ್ಲ. ಕೋಚ್ ಮಕ್ಕಳನ್ನು ಸಾಲಾಗಿ ಕೂರಿಸಿ, ಕಾಲುಚೀಲದ ಸುಕ್ಕುಗಳನ್ನು ಬೆರಳಿನಿಂದ ಸವರಿ ತೆಗೆಯುವುದನ್ನೂ ಶೂ ಲೇಸನ್ನು ಕೆಳಗಿನಿಂದ ಒಂದೊಂದೇ ತೂತಿಗೆ ಬಿಗಿಯುತ್ತಾ ಬರುವುದನ್ನೂ ತೋರಿಸಿಕೊಟ್ಟರು. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡಕ್ಕೆ 1964ರಿಂದ 1975ರೊಳಗೆ 10 ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದುಕೊಟ್ಟ ಜಾನ್ ವುಡನ್ ಕೂಡ ತಮ್ಮ ಆಟಗಾರರಿಗೆ ಮೊದಲು ಕಲಿಸುತ್ತಿದ್ದದ್ದು ಇದನ್ನೇ. ಸುಕ್ಕಿನಿಂದ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದವರು ಅಭ್ಯಾಸ ತಪ್ಪಿಸುತ್ತಾರೆ, ಆಗ ತಂಡಕ್ಕೆ ಒಬ್ಬರು ಕಡಿಮೆಯಾಗುತ್ತಾರೆ. ತನ್ನ ಕಾಲಿನ ಆರೈಕೆಯೂ ಉಳಿದವರಿಗೆ ಸಲ್ಲಬೇಕಾದ ಬಾಧ್ಯತೆ ಎಂಬುದು ಮಗಳಿಗೆ ಅಂದೇ ತಿಳಿಯಿತು. ಈಗ ಅವಳ ಲೇಸನ್ನು ನಾವು ಯಾರೂ ಮುಟ್ಟುವಂತಿಲ್ಲ.

ಈ ವರ್ಗದ ನಿಜವಾದ ಬಲ ಕಾಣುವುದು ಡಿಫೆನ್ಸ್, ಅಂದರೆ ಎದುರಾಳಿಯ ದಾಳಿ ತಡೆಯುವುದನ್ನು ಕಲಿಸುವ ರೀತಿಯಲ್ಲಿ. ನಾಲ್ವರ ದಾಳಿಯನ್ನು ನಾಲ್ವರು ತಡೆಯುವ ಶೆಲ್ ಡ್ರಿಲ್ ಎಂಬ ಅಭ್ಯಾಸವನ್ನು ಪ್ರತಿ ದಿನ ಮಾಡಿಸುತ್ತಾರೆ. ಒಬ್ಬಳನ್ನು ಎದುರಾಳಿ ದಾಟಿ ನುಗ್ಗಿದರೆ, ಬುಟ್ಟಿಯ ಹತ್ತಿರ ಇರುವವಳು ತಾನು ಕಾಯುತ್ತಿದ್ದ ಆಟಗಾರ್ತಿಯನ್ನು ಬಿಟ್ಟು ಅಡ್ಡ ಬರಬೇಕು. ಅವಳು ಬಿಟ್ಟು ಬಂದವಳನ್ನು ಮೂರನೆಯವಳು ನೋಡಿಕೊಳ್ಳಬೇಕು. ಹಿಂದೆ ಯಾರೋ ಬಂದೇ ಬರುತ್ತಾರೆ ಎಂಬ ಭರವಸೆ ಇಲ್ಲದಿದ್ದರೆ ಯಾವ ಮಗುವೂ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ನಂಬಿಕೆಯ ಬಗ್ಗೆ ಎಷ್ಟು ಭಾಷಣ ಮಾಡಿದರೂ ಇದು ಬರುವುದಿಲ್ಲ.

ಮೂರನೆಯ ತಿಂಗಳಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಮಗಳು ತನ್ನ ಜಾಗ ಬಿಟ್ಟು ನೆರವಿಗೆ ಧಾವಿಸಿದಳು. ಅವಳು ಬಿಟ್ಟ ಹುಡುಗಿಗೆ ಪಾಸ್ ಸಿಕ್ಕಿ ಚೆಂಡು ಬುಟ್ಟಿಗೆ ಬಿತ್ತು. ಜೊತೆಯವಳೊಬ್ಬಳು ಮಗಳತ್ತ ಕೈ ಚಾಚಿ ಏನೋ ಗದರಿದಳು. ಕೋಚ್ ಸೀಟಿ ಊದಿ, "ಅವಳು ಹೋದದ್ದು ಸರಿ. ಅವಳ ಜಾಗಕ್ಕೆ ಯಾರು ಬರಬೇಕಿತ್ತು?" ಎಂದು ಕೇಳಿದರು. ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಆಮೇಲೆ ಗದರಿದ ಹುಡುಗಿಯೇ ಮೆಲ್ಲನೆ ಕೈ ಎತ್ತಿ "ನಾನು" ಎಂದಳು. "ಸರಿ, ಅಲ್ಲಿಂದಲೇ ಮತ್ತೆ ಆಡೋಣ" ಎಂದರೇ ಹೊರತು ಓಟದ ಶಿಕ್ಷೆಯಿರಲಿಲ್ಲ, ಉಪದೇಶವೂ ಇರಲಿಲ್ಲ. ಹತ್ತು ಜನರೆದುರು ತಪ್ಪನ್ನು ಒಪ್ಪಿಕೊಂಡರೂ ಮರ್ಯಾದೆ ಹೋಗದಂಥ ವಾತಾವರಣವನ್ನು ಮೂರೇ ತಿಂಗಳಲ್ಲಿ ಕಟ್ಟಿದ ಆ ಕೋಚ್ ಬಗ್ಗೆ ನನಗೆ ಅಪಾರ ಗೌರವವಿದೆ.

ಡಿಫೆನ್ಸ್‌ನಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲುವಂತಿಲ್ಲ ಎಂಬ ನಿಯಮವೂ ಇದೆ. "ಎಡಕ್ಕೆ ಸ್ಕ್ರೀನ್" (ದಾರಿಗೆ ಅಡ್ಡವಾಗಿ ಎದುರಾಳಿ ನಿಂತಿದ್ದಾಳೆ ಎಂಬ ಎಚ್ಚರಿಕೆ), "ಚೆಂಡು ನನ್ನದು", "ಹಿಂದೆ ನಾನಿದ್ದೇನೆ" ಎಂದು ಕೂಗುತ್ತಲೇ ಇರಬೇಕು. ಮಿತಭಾಷಿಯಾದ ನನ್ನ ಮಗಳು ಹೀಗೆ ಕೂಗಲು ಎರಡು ತಿಂಗಳು ತೆಗೆದುಕೊಂಡಳು, ಅಲ್ಲಿಯವರೆಗೆ ಕೋಚ್ ತಾಳ್ಮೆಯಿಂದ ಕಾದರು.

ಬುಟ್ಟಿಗೆ ಹಾಕಿದವಳು ಪಾಸ್ ಕೊಟ್ಟವಳತ್ತ ಬೆರಳು ತೋರಿಸಿ ಕೃತಜ್ಞತೆ ಹೇಳುವುದು ಇಲ್ಲಿನ ಇನ್ನೊಂದು ರೂಢಿ. 1961ರಿಂದ 1997ರವರೆಗೆ ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ತಂಡದ ಕೋಚ್ ಆಗಿದ್ದ ಡೀನ್ ಸ್ಮಿತ್ ಅವರ ಆಟಗಾರರಿಂದ ಇದು ಹೆಸರಾಯಿತು. ಪಾಸ್‌ಗೆ ಇಷ್ಟು ಬೆಲೆ ಕೊಡುವುದು ಸಹಜವೇ: ಈ ಆಟವನ್ನು ಹುಟ್ಟುಹಾಕಿದ ಜೇಮ್ಸ್ ನೇಸ್ಮಿತ್ 1891ರಲ್ಲಿ ಬರೆದ 13 ನಿಯಮಗಳ ಪ್ರಕಾರ ಚೆಂಡು ಹಿಡಿದವರು ಓಡುವಂತಿರಲಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕಿತ್ತು. ಡ್ರಿಬಲ್ ಆಮೇಲೆ ಬಂತು, ಪಾಸ್ ಹುಟ್ಟಿನಿಂದಲೇ ಇತ್ತು.

ಸಲಕರಣೆಯ ಬಗ್ಗೆಯೂ ಒಂದು ಮಾತು. 12 ವರ್ಷದೊಳಗಿನವರಿಗೆ ಇಲ್ಲಿ 5ನೇ ಅಳತೆಯ ಚೆಂಡು ಮತ್ತು 2.60 ಮೀಟರ್ ಎತ್ತರದ ಬುಟ್ಟಿ ಬಳಸುತ್ತಾರೆ. ದೊಡ್ಡವರ 3.05 ಮೀಟರ್ ಬುಟ್ಟಿಯನ್ನೇ ಇಟ್ಟರೆ ಅದನ್ನು ಮುಟ್ಟಿಸಬಲ್ಲ ಒಂದಿಬ್ಬರು ಗಟ್ಟಿ ಮಕ್ಕಳಿಗೆ ಮಾತ್ರ ಚೆಂಡು ಹೋಗುತ್ತದೆ, ಉಳಿದವರು ಓಡಾಡಿಕೊಂಡಿರುತ್ತಾರೆ. ಎಲ್ಲರೂ ಹಾಕಬಲ್ಲರು ಎಂದಾದಾಗ ಎಲ್ಲರಿಗೂ ಪಾಸ್ ಸಿಗುತ್ತದೆ.

ಕೊರತೆಗಳೂ ಇವೆ. ತಿಂಗಳಿಗೊಮ್ಮೆ ಮಕ್ಕಳನ್ನು ಕೋಣೆಯಲ್ಲಿ ಕೂರಿಸಿ ನಾಯಕತ್ವದ ಬಗ್ಗೆ ಪರದೆಯ ಮೇಲೆ ಚಿತ್ರ ತೋರಿಸಿ ಮಾಡುವ ಪಾಠದಿಂದ ಮಗಳು ಒಂದು ವಾಕ್ಯವನ್ನೂ ಮನೆಗೆ ತಂದಿಲ್ಲ. ಆ ಸಮಯವನ್ನು ಅಂಗಳಕ್ಕೇ ಕೊಡಬಹುದು. ಕೆಲವು ಪೋಷಕರು ಬದಿಯಲ್ಲಿ ನಿಂತು ತಮ್ಮ ಮಕ್ಕಳಿಗೆ "ನೀನೇ ಹೊಡಿ" ಎಂದು ಅರಚುತ್ತಾರೆ, ಅವರನ್ನು ಯಾರೂ ತಡೆಯುವುದಿಲ್ಲ.

ಇವೆರಡಕ್ಕಿಂತ ದೊಡ್ಡದು ಆಟದ ಸಮಯದ ವಿಷಯ. 40 ನಿಮಿಷದ ಪಂದ್ಯದಲ್ಲಿ ಒಮ್ಮೆಗೆ ಐವರು ಆಡುವುದರಿಂದ ಹಂಚಲು ಸಿಗುವುದು ಒಟ್ಟು 200 ನಿಮಿಷ. ತಂಡದಲ್ಲಿ 12 ಮಕ್ಕಳಿದ್ದಾರೆ. ಯಾರಿಗಾದರೂ ಕಡಿಮೆ ಸಿಗಲೇಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಒಂದು ಪಂದ್ಯದಲ್ಲಿ ಮಗಳು ನಾಲ್ಕು ಕ್ವಾರ್ಟರ್‌ಗಳಲ್ಲಿ (ಪಂದ್ಯದ ಕಾಲುಭಾಗಗಳಲ್ಲಿ) ಮೂರನ್ನು ಬೆಂಚಿನ ಮೇಲೆ ಕುಳಿತು ಕಳೆದು, ಮನೆಗೆ ಬರುವ ದಾರಿಯುದ್ದಕ್ಕೂ ತಾನೇನು ತಪ್ಪು ಮಾಡಿದೆ ಎಂದು ಕೇಳುತ್ತಲೇ ಇದ್ದಳು. ಮರುದಿನ ನಾನು ವಿಚಾರಿಸಿದಾಗ ಕೋಚ್ ಕೊಟ್ಟ ಕಾರಣ ಸಮಂಜಸವಾಗಿಯೇ ಇತ್ತು: ಎದುರಾಳಿ ತಂಡದ ಎತ್ತರಕ್ಕೆ ಹೊಂದುವಂತೆ ಆಟಗಾರ್ತಿಯರನ್ನು ಇಳಿಸಿದ್ದರು. ಅದನ್ನು ಪಂದ್ಯಕ್ಕೆ ಮೊದಲೇ ಅವಳಿಗೆ ಎರಡು ವಾಕ್ಯಗಳಲ್ಲಿ ಹೇಳಬಹುದಿತ್ತು. ಡಿಫೆನ್ಸ್‌ನಲ್ಲಿ ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಿ ಎನ್ನುವವರು ಬೆಂಚಿನ ವಿಷಯದಲ್ಲಿ ಮೌನವಾಗಿರುವುದು ನನಗೆ ನೋವು ತಂದಿದೆ.

ಪದಕಗಳ ಆತುರ ಇರುವವರಿಗೆ ಈ ವರ್ಗ ನಿಧಾನ ಎನಿಸಬಹುದು. ಅಂಜುವ, ಹಿಂಜರಿಯುವ ಮಕ್ಕಳಿರುವವರಿಗೆ ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಮುಂದಿನ ಅವಧಿಗೂ ಮಗಳ ಹೆಸರು ಬರೆಸಿದ್ದೇವೆ; ಆಟದ ಸಮಯವನ್ನು ಹೇಗೆ ಹಂಚುತ್ತಾರೆ ಎಂಬುದನ್ನು ಮಕ್ಕಳಿಗೇ ತಿಳಿಸಬೇಕೆಂದು ಅರ್ಜಿಯ ಜೊತೆಗೆ ಒಂದು ಪತ್ರ ಬರೆದುಕೊಟ್ಟಿದ್ದೇನೆ.