ಮೇಲೆ ಥಳಕು, ಒಳಗೆ ಹುಳುಕು: ಮೊದಲ ಬೋಟಿಗಾಗಿ ನೋಡಿದ ಮೂರು ಹಳೆಯ ಬೋಟುಗಳು

ನಾಲ್ಕು ತಿಂಗಳಲ್ಲಿ ಮೂರು ಹಳೆಯ ಮೋಟಾರ್ ಬೋಟುಗಳನ್ನು ತಲೆಯಿಂದ ಬುಡದವರೆಗೆ ತಡಕಾಡಿದೆ, ಮೂರನ್ನೂ ನೀರಿಗಿಳಿಸಿ ಓಡಿಸಿದೆ, ಕೊನೆಗೆ ಒಂದನ್ನು ಕೊಂಡೆ. ಅದಕ್ಕೆ ಮೊದಲು ನನ್ನ ಹೆಸರಿನಲ್ಲಿ ಒಂದು ಹುಟ್ಟೂ ಇರಲಿಲ್ಲ. ಎಂಜಿನ್ ಬಲ್ಲ ಗೆಳೆಯನೊಬ್ಬ ಮೂರು ಸಲವೂ ಜೊತೆಗೆ ಬಂದ. ಅವನಿಲ್ಲದೆ ಹೋಗಿದ್ದರೆ ಮೊದಲ ದಿನವೇ ಮೊದಲನೆಯದಕ್ಕೆ ಮುಂಗಡ ಕೊಟ್ಟು ಬಂದಿರುತ್ತಿದ್ದೆ.

ಮೊದಲನೆಯದು 18 ಅಡಿಯ ಫೈಬರ್ ಬೋಟು. 3.0 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಒಳಗೇ ಕೂತಿರುತ್ತದೆ, ಪ್ರೊಪೆಲ್ಲರ್ ಇರುವ ಕಾಲು ಮಾತ್ರ ಹಿಂದೆ ನೀರಿಗಿಳಿದಿರುತ್ತದೆ. ಇದನ್ನು ಸ್ಟರ್ನ್‌ಡ್ರೈವ್ ಎನ್ನುತ್ತಾರೆ. ಎರಡನೆಯದು 16 ಅಡಿಯ ಫೈಬರ್ ಬೋಟು, ಹಿಂದೆ 60 ಎಚ್‌ಪಿಯ ಹಳೆಯ ಟೂ-ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ಹಿಂಗೋಡೆಗೆ ಹೊರಗಿನಿಂದ ತೂಗುಹಾಕುವ ಎಂಜಿನ್. ಮೂರನೆಯದು 14 ಅಡಿಯ ರಿವೆಟ್ ಹೊಡೆದ ಅಲ್ಯೂಮಿನಿಯಂ ಬೋಟು, 30 ಎಚ್‌ಪಿಯ ಫೋರ್-ಸ್ಟ್ರೋಕ್ ಔಟ್‌ಬೋರ್ಡ್. ಮೊದಲೆರಡಕ್ಕೆ ಇಪ್ಪತ್ತೈದು ದಾಟಿತ್ತು, ಮೂರನೆಯದಕ್ಕೆ ಹದಿನೈದರ ಆಸುಪಾಸು. ವಯಸ್ಸನ್ನು ಮಾಲೀಕರ ಬಾಯಿಂದ ಕೇಳಿ ನಂಬಬೇಕಾಗಿಲ್ಲ. ಹಿಂಗೋಡೆಯ ಬಲಗಡೆ ಮೇಲಂಚಿನ ಹತ್ತಿರ ಕೊರೆದಿರುವ ಹಲ್ ನಂಬರಿನ (ಬೋಟಿನ ಗುರುತಿನ ಸಂಖ್ಯೆ) ಕೊನೆಯ ಎರಡು ಅಂಕಿಗಳು ಮಾದರಿ ವರ್ಷವನ್ನು ಹೇಳುತ್ತವೆ. ಕಾಗದಪತ್ರದಲ್ಲಿರುವ ಸಂಖ್ಯೆ ಅದಕ್ಕೆ ತಾಳೆಯಾಗದಿದ್ದರೆ ಮಾತು ಮುಂದುವರಿಸುವುದೇ ಬೇಡ.

ಕಣ್ಣಿಗೆ ಗೆದ್ದದ್ದು ಸ್ಟರ್ನ್‌ಡ್ರೈವ್ ಬೋಟು. ಮೆತ್ತನೆಯ ಸೀಟುಗಳು, ಹಿಂದೆ ಈಜಲು ಇಳಿಯುವ ಹಲಗೆ, ಹೊಳೆಯುವ ಬಣ್ಣ. ಓಡುವಾಗಲೂ ಅದೇ ಸುಖ: ಎಂಜಿನ್ ಮುಚ್ಚಳದಡಿ ಇರುವುದರಿಂದ ಸದ್ದು ಕಡಿಮೆ, ಭಾರ ಇರುವುದರಿಂದ ಅಲೆಯ ಮೇಲೆ ಕುಣಿತವೂ ಕಡಿಮೆ. ತಳ ಆಳವಾದ ವಿ ಆಕಾರದಲ್ಲಿದ್ದುದರಿಂದ ಅಲೆಯನ್ನು ಸೀಳಿಕೊಂಡು ಹೋಗುತ್ತಿತ್ತು. ಓಡಿಸುವ ಸುಖಕ್ಕಷ್ಟೇ ಅಂಕ ಕೊಡುವುದಾದರೆ ಹೋಲಿಕೆ ಇಲ್ಲಿಗೇ ಮುಗಿಯುತ್ತಿತ್ತು.

ಆದರೆ ಈ ಬೋಟಿನಲ್ಲಿ ಕೆಡುವ ಭಾಗಗಳೆಲ್ಲ ಕಣ್ಣಿಗೆ ಬೀಳದ ಕಡೆ ಇವೆ. ಎಂಜಿನ್ನಿನಿಂದ ಹಿಂಗೋಡೆ ದಾಟಿ ಹೊರಬರುವ ಶಾಫ್ಟಿನ ಸುತ್ತ ಬೆಲ್ಲೋಸ್ ಎಂಬ ಸುಕ್ಕುಸುಕ್ಕಾದ ರಬ್ಬರ್ ತೋಳು ಇರುತ್ತದೆ. ಅದು ನೀರಿನ ಮಟ್ಟಕ್ಕಿಂತ ಕೆಳಗಿದೆ. ಒಣಗಿ ಬಿರಿದರೆ ದಕ್ಕೆಗೆ ಕಟ್ಟಿ ಹೋದ ಬೋಟು ರಾತ್ರೋರಾತ್ರಿ ನೀರು ಕುಡಿದು ಮುಳುಗಬಹುದು. ಕೆಲವು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಬದಲಿಸಲು ಹಿಂದಿನ ಆ ಇಡೀ ಕಾಲನ್ನು ಕಳಚಬೇಕು. ಇನ್ನೊಂದು, ಎಂಜಿನ್ನಿನ ಹೊಗೆಯನ್ನು ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಹೊರಗಿನ ನೀರೇ ಅದರ ಮೂಲಕ ಹರಿದು ತಂಪು ಮಾಡುತ್ತದೆ. ವರ್ಷಗಟ್ಟಲೆ ಒಳಗಿಂದೊಳಗೇ ತುಕ್ಕು ತಿಂದು, ಒಂದು ದಿನ ನೀರು ಸಿಲಿಂಡರಿಗೆ ಇಳಿದರೆ ಎಂಜಿನ್ ಮುಗಿದಂತೆ. ಉಪ್ಪುನೀರಿನಲ್ಲಿ ಓಡಿದ ಬೋಟಾದರೆ ಇದು ಇನ್ನೂ ಬೇಗ.

ಬೆಲ್ಲೋಸ್ ಯಾವಾಗ ಬದಲಿಸಿದ್ದು ಎಂದು ಕೇಳಿದೆವು. ಮಾಲೀಕರಿಗೆ ನೆನಪಿರಲಿಲ್ಲ. ಮ್ಯಾನಿಫೋಲ್ಡ್? ಅದೂ ಇಲ್ಲ. ರಸೀದಿ ಒಂದೂ ಇರಲಿಲ್ಲ. ನೀರಿನಲ್ಲಿ ಇಪ್ಪತ್ತು ನಿಮಿಷ ಓಡಿಸಿದ ಮೇಲೆ ಉಷ್ಣಾಂಶದ ಮುಳ್ಳು ನಿಂತಲ್ಲಿ ನಿಲ್ಲದೆ ನಿಧಾನವಾಗಿ ಏರತೊಡಗಿತು. ಗೆಳೆಯ ನನ್ನ ಮುಖ ನೋಡಿದ. ಅಷ್ಟು ಸಾಕಾಯಿತು.

ಈ ಬಗೆಯ ಬೋಟಿಗೆ ಮನಸೋತವರು ಇನ್ನೊಂದು ಮಾತನ್ನು ಮರೆಯಬಾರದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಸೋರಿದರೆ ಹಾರಿಹೋಗದೆ ಬೋಟಿನ ತಳದಲ್ಲೇ ಮಡುಗಟ್ಟುತ್ತದೆ. ಅದಕ್ಕೇ ಎಂಜಿನ್ ಕೋಣೆಯ ಆವಿಯನ್ನು ಹೊರಗೆಳೆಯುವ ಫ್ಯಾನನ್ನು, ಅಂದರೆ ಬ್ಲೋವರನ್ನು, ಕನಿಷ್ಠ 4 ನಿಮಿಷ ಓಡಿಸಿ, ಮುಚ್ಚಳ ತೆರೆದು ವಾಸನೆ ನೋಡಿಕೊಂಡು, ಆಮೇಲೆ ಕೀಲಿ ತಿರುಗಿಸಬೇಕು. ಅಲ್ಲಿ ಸ್ಟಾರ್ಟರ್, ಆಲ್ಟರ್ನೇಟರ್ ಕೆಟ್ಟರೆ ಕಾರಿನದನ್ನು ತಂದು ಹಾಕುವ ಹಾಗಿಲ್ಲ. ಬೋಟಿನವು ಕಿಡಿ ಹೊರಗೆ ಹಾರದಂತೆ ಮಾಡಿದವು, ಕಾರಿನವು ಹಾಗಲ್ಲ. ನಾವು ನೋಡಿದ ಬೋಟಿನಲ್ಲಿ ಬ್ಲೋವರ್ ತಿರುಗುತ್ತಲೇ ಇರಲಿಲ್ಲ. ಮಾಲೀಕರು ಅದನ್ನು ಸಣ್ಣ ವಿಷಯ ಎಂದರು. ನನಗೆ ಸಿಟ್ಟು ಬಂತು. ಆ ಸೀಟುಗಳಲ್ಲಿ ಮಕ್ಕಳೂ ಕೂರುತ್ತಿದ್ದಿರಬೇಕು.

ಎರಡನೆಯ ಬೋಟಿನ ಕಥೆ ಬೇರೆ. ಅಲ್ಲಿ ನನ್ನ ಹೃದಯವೇ ಒಡೆಯಿತು.

ಅಲ್ಲಿಗೆ ಹೋದಾಗ ಗೆಳೆಯ ಮೊದಲು ಮಾಡಿದ್ದು ಎಂಜಿನ್ನಿಗೆ ಅಂಗೈ ಒತ್ತಿ ನೋಡಿದ್ದು. ತಣ್ಣಗಿತ್ತು. ಬೆಚ್ಚಗಿದ್ದರೆ ನಾವು ಬರುವ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆ, ತಣ್ಣಗಿರುವಾಗ ಹೊತ್ತಿಕೊಳ್ಳುವುದಿಲ್ಲ ಎಂಬ ಅನುಮಾನ ಬರುತ್ತದೆ. ಇದು ಎರಡನೇ ಎಳೆತಕ್ಕೆ ಹೊತ್ತಿಕೊಂಡಿತು. ಹಿಂದಿನ ಸಣ್ಣ ತೂತಿನಿಂದ ನೀರಿನ ಧಾರೆ ಜೋರಾಗಿ ಚಿಮ್ಮಿತು, ಅಂದರೆ ತಂಪು ಮಾಡುವ ಪಂಪು ಸರಿಯಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಮೂರು ಸಿಲಿಂಡರಿಗೂ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟ್ ಮಾಡಿದೆವು: 120, 118, 119 ಪಿಎಸ್‌ಐ. ಅಂಕಿ ಎಷ್ಟು ಎನ್ನುವುದಕ್ಕಿಂತ ಒಂದಕ್ಕೊಂದು ಎಷ್ಟು ಹತ್ತಿರ ಎನ್ನುವುದು ಮುಖ್ಯ. ಶೇ. 10ಕ್ಕಿಂತ ಹೆಚ್ಚು ಅಂತರವಿದ್ದರೆ ಯಾವುದೋ ಒಂದು ಸಿಲಿಂಡರ್ ಸೋತಿದೆ ಎಂದರ್ಥ. ಗೇರ್ ಆಯಿಲ್ ಸ್ವಲ್ಪ ಇಳಿಸಿ ನೋಡಿದರೆ ಕಪ್ಪಗಿತ್ತು, ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ. ಹಾಲಿನ ಬಣ್ಣ ಬಂದಿದ್ದರೆ ಸೀಲ್ ಹೋಗಿ ನೀರು ಸೇರಿದೆ. ನೀರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ 5,400 ಆರ್‌ಪಿಎಂ ತಲುಪಿತು. ಇಷ್ಟು ವಯಸ್ಸಾದ ಎಂಜಿನ್ ಇಷ್ಟು ಗಟ್ಟಿಯಾಗಿರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ದಡಕ್ಕೆ ಬಂದ ಮೇಲೆ ಗೆಳೆಯ ಸಣ್ಣ ಸುತ್ತಿಗೆಯ ಹಿಡಿಯಿಂದ ಹಿಂಗೋಡೆಯನ್ನು ತಟ್ಟುತ್ತಾ ಹೋದ. ಟ್ರಾನ್ಸಮ್ ಎನ್ನುವ ಈ ಗೋಡೆಯ ಮೇಲೆಯೇ ಔಟ್‌ಬೋರ್ಡ್ ತೂಗುವುದು. ಹೊರಗೆ ಫೈಬರ್, ಒಳಗೆ ಫೈಬರ್, ನಡುವೆ ಪ್ಲೈವುಡ್. ಗಟ್ಟಿಯಿದ್ದ ಕಡೆ ಟಕ್ ಟಕ್ ಎಂದು ಮರುನುಡಿಯುತ್ತಿತ್ತು. ಎಂಜಿನ್ನಿನ ಬೋಲ್ಟುಗಳ ಕೆಳಗೆ ಬಂದಾಗ ಸದ್ದು ಮಂಕಾಯಿತು, ಒದ್ದೆ ರಟ್ಟಿನ ಮೇಲೆ ಬಡಿದ ಹಾಗೆ. ಆಮೇಲೆ ಎಂಜಿನ್ನಿನ ಕಾಲನ್ನು ಎತ್ತಿ ಅದರ ಮೇಲೆ ಭಾರ ಬಿಟ್ಟು ಅಲುಗಿಸಿದ. ಗೋಡೆ ಉಸಿರಾಡಿದಂತೆ ಒಳಗೆ ಹೊರಗೆ ಬಾಗಿತು. ಬೋಲ್ಟಿನ ತೂತಿನಲ್ಲಿ ಸೀಲ್ ಒಡೆದು ವರ್ಷಗಟ್ಟಲೆ ನೀರಿಳಿದು ಪ್ಲೈವುಡ್ ಕೊಳೆತಿತ್ತು. ನೆಲದಡಿಯ ಮರದ ತೊಲೆಗಳೂ ಹಾಗೇ ಇದ್ದಾವೆಂದು ಕಾಲಿಟ್ಟಲ್ಲಿ ಮೆತ್ತಗಾಗುತ್ತಿದ್ದ ನೆಲವೇ ಹೇಳುತ್ತಿತ್ತು.

ಇದನ್ನು ಸರಿಮಾಡಬಹುದು. ಒಂದು ಪದರ ಫೈಬರ್ ಕತ್ತರಿಸಿ ತೆಗೆದು, ಕೊಳೆತದ್ದನ್ನೆಲ್ಲ ಕೆರೆದು, ಹೊಸ ಮರೈನ್ ಪ್ಲೈವುಡ್ಡನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿ, ಮತ್ತೆ ಫೈಬರ್ ಹಾಸಬೇಕು. ಕೈಕೆಲಸ ಬಲ್ಲವರಿಗೆ, ನೆರಳಿರುವ ಶೆಡ್ಡು ಇರುವವರಿಗೆ, ಒಂದು ಹಂಗಾಮು ನೀರಿಗಿಳಿಯದೆ ಇರಬಲ್ಲವರಿಗೆ ಅದು ಒಳ್ಳೆಯ ವ್ಯಾಪಾರ. ನನಗೆ ಈ ಮೂರೂ ಇರಲಿಲ್ಲ. ಎಂಜಿನ್ನನ್ನು ಮಾತ್ರ ಕೊಡುತ್ತೀರಾ ಎಂದು ಕೇಳಿದೆ. ಅವರು ಒಪ್ಪಲಿಲ್ಲ.

ಆ ಎಂಜಿನ್ನಿಗೂ ಒಂದು ಕೊರತೆ ಇದೆ. ಕಾರ್ಬ್ಯುರೇಟರ್ ಇರುವ ಹಳೆಯ ಟೂ-ಸ್ಟ್ರೋಕ್, ಕುಡಿದ ಪೆಟ್ರೋಲಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗವನ್ನು ಸುಡದೆಯೇ ನೀರಿಗೆ ಬಿಡುತ್ತದೆ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪೊರೆ ನೋಡಿದ್ದರೆ ನಿಮಗೂ ಗೊತ್ತು. ನನಗೆ ಅದು ಕೊನೆಯವರೆಗೂ ಚುಚ್ಚುತ್ತಿತ್ತು.

ಅಲ್ಯೂಮಿನಿಯಂ ಬೋಟು ನೋಡಲು ಏನೂ ಚೆನ್ನಾಗಿರಲಿಲ್ಲ. ತಗ್ಗುದಿಣ್ಣೆ, ಗೀರು, ಬಣ್ಣ ಎದ್ದ ಬದಿಗಳು. ಆದರೆ ಮಲಗಿ ನೋಡಿದರೆ ತಳವೆಲ್ಲ ಕಾಣುತ್ತದೆ. ನೆಲಹಲಗೆ ನಾಲ್ಕು ಸ್ಕ್ರೂಗಳಲ್ಲಿ ಬಿಚ್ಚಿ ಬಂತು. ಮುಚ್ಚಿಡಲು ಜಾಗವೇ ಇಲ್ಲ! ಟ್ರೇಲರ್ ಮೇಲೆಯೇ ಬೋಟಿನೊಳಗೆ ಒಂದು ಗೇಣಿಗಿಂತ ಕಡಿಮೆ ನೀರು ತುಂಬಿಸಿ ಕೆಳಗೆ ಕಾದು ಕೂತೆವು. ಇನ್ನೂ ತುಂಬಿದರೆ ನೀರಿನ ಭಾರವನ್ನು ಟ್ರೇಲರ್ ತಡೆಯಲಾರದು. ಐದು ರಿವೆಟ್‌ಗಳಿಂದ ನೀರು ತೊಟ್ಟಿಕ್ಕಿತು. ಪೆನ್ಸಿಲ್ಲಿನಿಂದ ಗುರುತು ಹಾಕಿದೆವು. ಒಳಗಿಂದ ಒಬ್ಬರು ಭಾರದ ಕಬ್ಬಿಣ ಒತ್ತಿ ಹಿಡಿದು ಹೊರಗಿಂದ ಒಬ್ಬರು ಸುತ್ತಿಗೆಯಲ್ಲಿ ಬಡಿದರೆ ಸಡಿಲವಾದ ರಿವೆಟ್ ಮತ್ತೆ ಬಿಗಿಯುತ್ತದೆ. ಇಬ್ಬರು, ಅರ್ಧ ದಿನ. ಟ್ರಾನ್ಸಮ್ಮಿನಲ್ಲಿ ಇದಕ್ಕೂ ಪ್ಲೈವುಡ್ ಇದೆ, ಆದರೆ ಕಳಚಿ ಹೊಸದು ಹಾಕಲು ಏನನ್ನೂ ಕತ್ತರಿಸಬೇಕಾಗಿಲ್ಲ.

ಇದರ ಶತ್ರು ಬೇರೆ: ತಾಮ್ರ. ಒದ್ದೆ ತಳದಲ್ಲಿ ಬಿದ್ದ ತಾಮ್ರದ ಒಂದು ತಂತಿ ತುಂಡು ಸಾಕು, ಅದರ ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕರಗತೊಡಗುತ್ತದೆ. ತಳಕ್ಕೆ ಪಾಚಿ ಹತ್ತದಂತೆ ಬಳಿಯುವ ತಾಮ್ರದ ಬಣ್ಣವನ್ನಂತೂ ಇದಕ್ಕೆ ಮುಟ್ಟಿಸಲೇಬಾರದು. ಬಿಳಿ ಪುಡಿಗಾಗಿ ಮೂಲೆಮೂಲೆಯನ್ನೂ ಟಾರ್ಚ್ ಹಿಡಿದು ನೋಡಿದೆವು, ಬ್ಯಾಟರಿಯ ಕೆಳಗೆ ಮಾತ್ರ ಸ್ವಲ್ಪ ಸಿಕ್ಕಿತು.

ಓಡಿಸುವಾಗ ಇದು ಮೂರರಲ್ಲೂ ಕೊನೆ, ಅದನ್ನು ಮುಚ್ಚಿಡುವುದಿಲ್ಲ. ಗಾಳಿ ಎದ್ದು ಸಣ್ಣ ಅಲೆಗಳು ಬಂದರೆ ಚಪ್ಪಟೆ ತಳ ಪಟಪಟನೆ ಬಡಿಯುತ್ತದೆ, ಬೆನ್ನಿಗೆ ಗೊತ್ತಾಗುತ್ತದೆ. ಹಗುರವಾದ್ದರಿಂದ ದಕ್ಕೆಗೆ ತರುವಾಗ ಅಡ್ಡಗಾಳಿ ಮೂತಿಯನ್ನು ತಳ್ಳಿಬಿಡುತ್ತದೆ. ನಾಲ್ಕು ಜನ ಕೂತರೆ ತುಂಬಿತು. ಆದರೆ ಖರ್ಚು ನೋಡಿ: ಪೆಟ್ರೋಲ್ ಎಂಜಿನ್ ಪೂರ್ತಿ ವೇಗದಲ್ಲಿ ಪ್ರತಿ 10 ಎಚ್‌ಪಿಗೆ ಗಂಟೆಗೆ ಸುಮಾರು 4 ಲೀಟರ್ ಕುಡಿಯುತ್ತದೆ ಎಂಬ ಅಂದಾಜಿನಲ್ಲಿ ಇದಕ್ಕೆ 12 ಲೀಟರ್, ಎರಡನೆಯದಕ್ಕೆ 24, 135 ಎಚ್‌ಪಿಯ ಮೊದಲನೆಯದಕ್ಕೆ 54. ನಿಧಾನವಾಗಿ ಹೋದರೆ ಎಲ್ಲದಕ್ಕೂ ಕಡಿಮೆಯೇ.

ಇದನ್ನೇ ಕೊಂಡೆ. ಮನೆಗೆ ತಂದ ವಾರವೇ ನೀರಿನ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ರೆಕ್ಕೆಯ ಚಕ್ರ), ಪೆಟ್ರೋಲ್ ಪೈಪು, ಟ್ರೇಲರ್ ಚಕ್ರದ ಬೇರಿಂಗ್ ಬದಲಿಸಿದೆವು. ಹಿಂದಿನವರು ಬದಲಿಸಿದ್ದೇವೆ ಎಂದರೂ ರಸೀದಿ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ. ಚಾಲಕ ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗವೂ ಹೊಸದು ತಂದೆ. ಅದನ್ನು ಕಟ್ಟಿಕೊಳ್ಳದೆ ಒಮ್ಮೆಯೂ ಗೇರ್ ಹಾಕಿಲ್ಲ.

ಮೂರನೇ ಸಲ ಹೊರಟಾಗ ನೀರಿನ ಧಾರೆ ತಟ್ಟನೆ ನಿಂತಿತು. ಕೂಡಲೇ ಎಂಜಿನ್ ನಿಲ್ಲಿಸಿ ಹುಟ್ಟು ಹಾಕಿ ದಡ ಸೇರಿದೆ. ತೂತಿಗೆ ಕಸ ಸಿಕ್ಕಿಕೊಂಡಿತ್ತು. ತೆಳು ತಂತಿ ತೂರಿಸಿದೆ, ಧಾರೆ ಮತ್ತೆ ಬಂತು. 18 ಅಡಿಯ ಆ ಭಾರದ ಬೋಟನ್ನು ಹುಟ್ಟು ಹಾಕಿ ದಡಕ್ಕೆ ತರುವುದು ನನ್ನಿಂದ ಆಗುತ್ತಿರಲಿಲ್ಲ.

ಅಲೆ ಎದ್ದ ದಿನ ಆಳ ತಳದ ಬೋಟೊಂದು ಪಕ್ಕದಲ್ಲಿ ನುಣ್ಣಗೆ ಸಾಗಿದರೆ ಈಗಲೂ ಆಸೆಯಾಗುತ್ತದೆ. ಮುಂದಿನದು ಫೈಬರ್ ಬೋಟೇ ಆಗಬಹುದು. ಆಗ ಸುತ್ತಿಗೆ ನನ್ನ ಕೈಯಲ್ಲೇ ಇರುತ್ತದೆ. ಸದ್ಯಕ್ಕೆ ಒಂದು ಹಂಗಾಮು ಮುಗಿದಿದೆ. ಮೊನ್ನೆ ಮತ್ತೆ ನೀರು ತುಂಬಿಸಿ ಕೆಳಗೆ ಮಲಗಿ ನೋಡಿದೆ. ಬಲಗಡೆ, ಮೂತಿಯಿಂದ ಎರಡು ಗೇಣು ಹಿಂದೆ, ಒಂದೇ ರಿವೆಟ್ ತೊಟ್ಟಿಕ್ಕುತ್ತಿದೆ. ಪೆನ್ಸಿಲ್ ಗುರುತು ಹಾಕಿದ್ದೇನೆ, ಭಾನುವಾರ ಗೆಳೆಯ ಬರುತ್ತಾನೆ.